ಕೈ ತಪ್ಪಿದ್ದು

ಸೊಸೈಟಿಯ ಯಂತ್ರಕ್ಕೆ ನನ್ನ ಹೆಬ್ಬೆಟ್ಟಿನ ಗುರುತು ಸಿಗಲಿಲ್ಲ.
ಒರೆಸಿ ಒತ್ತಿದೆ, ಉಗುಳು ಹಚ್ಚಿ ಒತ್ತಿದೆ,
ಸೆರಗಿಗೆ ಉಜ್ಜಿ ಮತ್ತೊಮ್ಮೆ.
"ಗೆರೆ ಸವೆದೈತಮ್ಮ, ಮನೆಯೋರನ್ನ ಕಳಿಸಿ" ಅಂದ ಹುಡುಗ.
ಹಿಂದೆ ಸಾಲಿನಲ್ಲಿ ನಲವತ್ತು ಜನ,
ಒಳಗೆ ಮೂವತ್ತು ಮೂಟೆ ಯೂರಿಯಾ.
ಮೃಗಶಿರೆ ಕರಗುತ್ತಿತ್ತು. ಮುಸುಕಿನ ಜೋಳಕ್ಕೆ
ಎರಡೇ ದಿನದ ಹದ.

ವಾಪಸು ಬರುವಾಗ ಗೌರಿಬಿದನೂರಿನ ಕಸದ ಯಾರ್ಡಿನ ಗೇಟು ತೆರೆದಿತ್ತು.
ಮೂಗಿಗೆ ಸೆರಗು ಹಿಡಿದೇ ಒಳಗೆ ಹೋದೆ.
ಜರಡಿ ಹಿಡಿಯುತ್ತಿದ್ದ ಗಂಗುಲಮ್ಮ
ತಲೆ ಎತ್ತದೆ ಹೇಳಿದಳು:
"ಸೆರಗು ತೆಗೆದು ನೋಡು."
ನೋಡಿದೆ.
ಹುತ್ತದ ಮಣ್ಣಿನ ವಾಸನೆ.

ಛತ್ರದ ಬಾಳೆಲೆ, ಹೋಟೆಲಿನ ಈರುಳ್ಳಿ ಸಿಪ್ಪೆ,
ಯಾರದೋ ಮುಡಿಯಿಂದ ಬಿದ್ದ ಕನಕಾಂಬರ,
ಹಳಸಿದ ಸಾರು, ಮಗು ಬೇಡವೆಂದ ಮುದ್ದೆ,
ಎಲ್ಲ ಸೇರಿ
ಯಾವ ಬೀದಿಯದೆಂದು ಕೇಳಿದರೂ ಬಾಯಿಬಿಡದ ಕಪ್ಪು.

ಅತ್ತೆಗೆ ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತದೆ.
ಟ್ರಾಕ್ಟರು ಸುರಿದು ಹೋಗುವವರೆಗೂ ತೆಲುಗು.
ಆಮೇಲೆ ಕನ್ನಡದಲ್ಲಿ, ಮೆಲ್ಲಗೆ:
"ಪ್ಯಾಟೆಯೋರ ಎಂಜಲೆಲ್ಲಾ ನಮ್ಮ ಹೊಲಕ್ಕಾ?"

ಇಪ್ಪತ್ತೈದನೆಯ ದಿನ
ಬದುವಿನಾಚೆ ಅಶ್ವತ್ಥರೆಡ್ಡಿಯವರ ಪೈರು ಮೊಣಕಾಲು ದಾಟಿ
ನವಿಲಿನ ಕತ್ತಿನ ಹಾಗೆ ಮಿರುಗಿತು.
ನಮ್ಮದು ಪಾಸಾಗುವುದೋ ಇಲ್ಲವೋ ಎಂಬ ಹುಡುಗನ ಮುಖ.
ಆ ಕಡೆ ಬೆನ್ನು ಹಾಕಿ ಕಳೆ ಕಿತ್ತೆ.
ಪುನರ್ವಸು ಕೈಕೊಟ್ಟಿತು, ಪುಷ್ಯವೂ.
ಮಧ್ಯಾಹ್ನದ ಬಿಸಿಲಿಗೆ ಅವರ ಗರಿ ಬೀಡಿಯಂತೆ ಸುತ್ತಿಕೊಂಡವು.
ನಮ್ಮವೂ ಸುತ್ತಿಕೊಂಡವು, ಸುಳ್ಳು ಹೇಳಬಾರದು,
ಒಂದು ಗಂಟೆ ತಡವಾಗಿ.

ಕೊನೆಗೆ ಮೂಟೆ ಲೆಕ್ಕದಲ್ಲಿ ಅವರದೇ ಮೇಲು, ಎರಡು ಮೂಟೆ.
ಖರ್ಚಿನ ಲೆಕ್ಕ ಕೇಳಿದವರಿಗೆ ಮಾತ್ರ ಹೇಳುತ್ತೇನೆ.

ಆದರೆ ಹೇಳಬೇಕೆಂದಿದ್ದು ಅದಲ್ಲ.

ತೆನೆಗೆ ಹಾಲು ತುಂಬಿದ ಒಂದು ಭಾನುವಾರ
ಗಂಗುಲಮ್ಮ ಬಂದಳು, ಹಸಿರು ಕೋಟಿಲ್ಲದೆ,
ಹಬ್ಬದ ಸೀರೆಯುಟ್ಟು.
"ಹದಿನಾಲ್ಕು ವರ್ಷ ಎತ್ತಿವ್ನಿ.
ಎಲ್ಲಿಗೋಗ್ತದೆ ಅಂತ ನೋಡಿದ್ದು ಇವತ್ತೇ."
ಗರಿಯ ಮೇಲೆ ಅಂಗೈ ಆಡಿಸಿದಳು.
ಬುಡದಲ್ಲಿ ಏನೋ ಮಿಂಚಿತು. ಬಾಗಿದಳು.
ಶಾಂಪೂ ಚೀಟಿಯ ಒಂದು ಮೂಲೆ.
ಅನ್ನದಲ್ಲಿ ನೆಂಟರಿಗೆ ಕಲ್ಲು ಸಿಕ್ಕಾಗ
ಅಡುಗೆಯವಳ ಮುಖ ಹೇಗಾಗುತ್ತದೋ ಹಾಗಾಯಿತು.
"ನನ್ನ ಕೈ ತಪ್ಪಿದ್ದು ಇದು."

ಬೇಡ ಬೇಡವೆಂದರೂ ಕೇಳದೆ
ಸೀರೆ ಎತ್ತಿ ಕಟ್ಟಿ ಸಾಲಿಗೆ ಇಳಿದಳು.
ಪೆನ್ನಿನ ರೀಫಿಲ್ಲು. ಬಳೆ ಚೂರು.
ಪೇಸ್ಟಿನ ಮುಚ್ಚಳ. ಆಟದ ಲಾರಿಯ ಒಂದು ಗಾಲಿ.
ನಾನೂ ಪಕ್ಕದ ಸಾಲು ಹಿಡಿದೆ.
ಪೈರಿನ ನಡುವೆ ಅವಳು ಕಾಣುತ್ತಿರಲಿಲ್ಲ,
ಗರಿ ಸರಿಯುವ ಸದ್ದು ಮಾತ್ರ,
ಆಗಾಗ "ಇನ್ನೊಂದು" ಎಂಬ ದನಿ.

ಬದುವಿನ ಮೇಲೆ ಕೂತು ಎಲ್ಲ ನೋಡುತ್ತಿದ್ದ ಅತ್ತೆ
ಕಡ್ಡಿಪುಡಿ ಒಟ್ಟಿ ಬೆಂಕಿ ಮಾಡಿದಳು.
ಸುಟ್ಟಿದ್ದು ಒಂದೇ ತೆನೆ, ಅದೂ ಗಿಳಿ ಕುಕ್ಕಿದ್ದು.
ಮುರಿದು ಅರ್ಧ ನೀಡಿದಳು.
ಗಂಗುಲಮ್ಮ ಕೈ ಚಾಚಲು ಹಿಂದೆಗೆದಳು,
ಅರ್ಧ ತೆನೆ ಗಾಳಿಯಲ್ಲೇ ನಿಂತಿತ್ತು.
ಸಿಟ್ಟಿಲ್ಲದೆಯೂ ಅತ್ತೆಗೆ ತೆಲುಗು ಬಂತು:
"ತಿನಮ್ಮಾ."

ಸೆರಗಿನ ತುದಿಯಲ್ಲಿ ಪೇಟೆಯ ಚೂರುಗಳ ಗಂಟು ಬಿಗಿದು
ಅವಳು ಬಸ್ಸಿಗೆ ಹೊರಟ ಮೇಲೆ
ಬಿದ್ದಿದ್ದ ಸಿಪ್ಪೆ ಎತ್ತಿಕೊಂಡೆ.
ಎಳೆಹಸಿರಿನ ಮೇಲೆ ಅವಳ ಹೆಬ್ಬೆಟ್ಟಿನ ಮಸಿ.
ದುಂಡಗೆ, ಬರೀ ಕಪ್ಪು.
ಒಂದೂ ಗೆರೆ ಇಲ್ಲ.