ತಿರುವಿನ ಮನೆಯಿಂದ ಒಂದು ಅರ್ಜಿ

ಪುರಸಭೆಯ ಮುಖ್ಯಾಧಿಕಾರಿಗಳಿಗೆ.
ಮಾನ್ಯರೇ,
ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ.
ವಿಮಾನ ಇಳಿಯುವಷ್ಟು ಸಪಾಟು ನೆಲ
ಇಗ್ಗುತಪ್ಪ ಇಟ್ಟಿಲ್ಲ.
ಆದರೂ ವಿರಾಜಪೇಟೆಯ ಈ ತಿರುವಿನಲ್ಲಿ
ನನ್ನ ಕಪಾಟಿನ ಸ್ಟೀಲು ಲೋಟಗಳು
ದಿನವಿಡೀ ಒಂದನ್ನೊಂದು ಚಿವುಟುತ್ತವೆ.

ನಾನು ರಾತ್ರಿ ಪಾಳಿಯ ನರ್ಸು.
ಊರು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು
ಕಿವಿಗೆ ಆಸ್ಪತ್ರೆಯ ಹತ್ತಿ ತುರುಕಿ
ಕಿಟಕಿಗೆ ಕಂಬಳಿ ಕಟ್ಟಿ ಮಲಗುವವಳು.
ನಿದ್ದೆ ಮಾತ್ರ ಹೊರರೋಗಿಗಳ ಸಾಲಿನಲ್ಲಿ
ಚೀಟಿ ಹಿಡಿದು ನಿಂತೇ ಇರುತ್ತದೆ.

ಒಂದು, ಮರದ ಲಾರಿ.
ಏರು ಸಿಕ್ಕಿದ್ದೇ ಗೇರು ಇಳಿಸಿ
ಕಫ ಕಟ್ಟಿದ ಮುದುಕನ ಹಾಗೆ ಕೆಮ್ಮುತ್ತದೆ.
ಕಫ ಹೊರಗೆ ಬರುವುದಿಲ್ಲ,
ಲಾರಿಯೂ ಮುಂದೆ ಹೋಗುವುದಿಲ್ಲ.

ಎರಡು, ಶನಿವಾರದ ಬೈಕುಗಳು.
ಕೊಡಗಿನ ಮೌನ ಕೇಳಲೆಂದು
ಅಷ್ಟು ದೂರದಿಂದ ಬಂದವರು,
ಸೈಲೆನ್ಸರು ಕಿತ್ತಿಟ್ಟು.

ಮೂರು, ಪಂಕ್ಚರ್ ಅಂಗಡಿಯ ಕಂಪ್ರೆಸರು.
(ಅಂಗಡಿಯ ಮಂದಣ್ಣನೂ ಸಹಿ ಹಾಕಿದ್ದಾನೆ.
ಇಷ್ಟು ಕೆಳಗಿನವರೆಗೆ ಓದಿರಲಿಕ್ಕಿಲ್ಲ.)

ನಾಲ್ಕು, ವಿಮಾನ.
ರಜೆಯ ರಾತ್ರಿಗಳಲ್ಲಿ ಕೇಳಿಸಿಕೊಂಡದ್ದು.
ಗಡಿಯಾಚೆ ಮಟ್ಟನ್ನೂರಿಗೆ ಇಳಿಯುವುದು
ನಮ್ಮ ಬೆಟ್ಟದ ನೆತ್ತಿಯಲ್ಲೇ ತಗ್ಗತೊಡಗುತ್ತದೆ.
ಒಳಗೆ ಯಾರೋ ಬೆಲ್ಟು ಬಿಗಿದುಕೊಳ್ಳುವಾಗ
ಇಲ್ಲಿ ನನ್ನ ಹೆಂಚುಗಳು ಇಳಿಯಲು ಸಿದ್ಧವಾಗುತ್ತವೆ.
ನಿಮಗೆ ಬರೆದು ಫಲವಿಲ್ಲವೆಂದು ಗೊತ್ತು,
ಆಕಾಶ ವಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ.
ಬರೆದರೆ ಸ್ವಲ್ಪ ಸಮಾಧಾನ, ಅಷ್ಟೆ.

ಐದು, ಇರಿಟ್ಟಿಯ ಬಸ್ಸು. ಬೆಳಿಗ್ಗೆ ಹತ್ತು ಇಪ್ಪತ್ತು.
ರಸ್ತೆ ಖಾಲಿಯಿದ್ದರೂ ಎರಡು ಸಲ
ಸರಿಯಾಗಿ ನಮ್ಮ ಗೋಡೆಗೆ ಮುಖವಿಟ್ಟು
ಸಣ್ಣಗೆ ಹಾರನ್ನು.
ಕಣ್ಣಿಗೆ ನಿದ್ದೆ ಹತ್ತುವ ಗಳಿಗೆಯೂ ಅದೇ.

ಇಷ್ಟು ಬರೆದು ಕೆಳಮನೆಗೆ ಇಳಿದೆ, ಸಹಿಗೆ.
ಬೀಪಾತುಮ್ಮ ಹೊಲಿಗೆ ಯಂತ್ರದಿಂದ ಕಾಲೆತ್ತಿ
ಕನ್ನಡಕ ಹುಡುಕಿ, ಬೆರಳಿಟ್ಟು ಓದಿ
ಐದರ ಹತ್ತಿರ ನಿಂತಳು.
"ಇದೂ ಉಂಟಾ ಸಿಸ್ಟರೇ ಇದರಲ್ಲಿ?"

"ತಲಾಖ್ ಆಗಿ ಹತ್ತೊಂಬತ್ತು ವರ್ಷ.
ಮಾತು ಬಿಟ್ಟಿದ್ದಾರೆ, ಹಾರನ್ನು ಬಿಟ್ಟಿಲ್ಲ."

ಇಣುಕುತ್ತೀಯಾ ಎಂದೆ.
"ಯಾಕೆ ಇಣುಕಬೇಕು,
ಬ್ಲೌಸಿಗೆ ತೋಳು ಹಚ್ಚುವುದು ಬಾಕಿ ಇರುತ್ತದೆ."
ಬಾಯಲ್ಲಿದ್ದ ಗುಂಡುಪಿನ್ನು ತೆಗೆದು
ನನ್ನ ಪೆನ್ನು ಕೇಳಿದಳು.
ಸಹಿ ಹಾಕಿದಳು. ಕೆಳಗೆ ತಾರೀಕನ್ನೂ.

ಮಾನ್ಯರೇ, ಅವಳು ಹಾಕುವುದಿಲ್ಲ ಎಂದಿದ್ದರೆ
ನಾನು ಜಗಳ ಆಡಿ ಬಂದು ಮಲಗುತ್ತಿದ್ದೆ.

ನಿನ್ನೆ ಹತ್ತು ಇಪ್ಪತ್ತು. ಹತ್ತಿ ತೆಗೆದಿಟ್ಟು ಕಾದೆ.
ಗಡಿಯಾರ ಕಂಬದ ಕಡೆಯಿಂದ ಬಸ್ಸು ಬಂತು,
ಬಾಗಿತು, ಎರಡು ಸಲ.
ಕೆಳಗೆ ಹೊಲಿಗೆ ಯಂತ್ರ ನಿಂತಿತು.
ಎಷ್ಟು ಹೊತ್ತೆಂದು ಕೇಳಿದರೆ
ನನಗೆ ಗೊತ್ತಿರುವ ಅಳತೆ ಒಂದೇ,
ನನ್ನದೇ ಮಣಿಕಟ್ಟು ಹಿಡಿದಿದ್ದೆ:
ಒಂಬತ್ತು ಬಡಿತ.
ಆಮೇಲೆ ಮತ್ತೆ ಟರ್ರ್ ಎಂದು
ಯಾರದೋ ಮದುವೆಯ ಬಟ್ಟೆ ಮುಂದುವರಿಯಿತು.

ಆದ್ದರಿಂದ ತಾವು ದಯವಿಟ್ಟು
ಮೇಲೆ ಹೇಳಿದ ಎಲ್ಲಕ್ಕೂ ಕ್ರಮ ಕೈಗೊಂಡು,
ಎಲ್ಲಕ್ಕೂ ಅಂದರೆ
ಲಾರಿಗೆ, ಬೈಕಿಗೆ, ಕಂಪ್ರೆಸರಿಗೆ,
ಆದರೆ ವಿಮಾನಕ್ಕೂ.

ಇತಿ ತಮ್ಮ ವಿಶ್ವಾಸಿ,
ದೇಚಕ್ಕ, ಶುಶ್ರೂಷಕಿ.

ವಿ.ಸೂ.: ಶುದ್ಧಪ್ರತಿ ಮಾಡುವಾಗ
ಮರದ ಲಾರಿ ಬಂದು ಮೇಜು ನಡುಗಿತು.
ಐದನೆಯ ಸಾಲಿನ ಮೇಲೆ
ಅಡ್ಡಕ್ಕೆ ಬಿದ್ದಿರುವ ಗೀಟು
ನಾನು ಎಳೆದದ್ದಲ್ಲ.