ಗಾಜು ತೊಳೆಯುವವನು

ನಮ್ಮೂರ ಹೊಳೆಯನ್ನು ನೋಡಿ ವಾರ ಹೇಳಬಹುದಿತ್ತು:
ಸೋಮವಾರ ಕೆಂಪು, ಬುಧವಾರ ಕಡುನೀಲಿ,
ಹಬ್ಬ ಹತ್ತಿರ ಬಂದರೆ ಎರಡೂ ಬೆರೆತು
ಬದನೆಕಾಯಿ ಸಿಪ್ಪೆ.
ಪೆಕಲೊಂಗನ್ನಿನಲ್ಲಿ ನೀರು ನೀರಿನ ಬಣ್ಣಕ್ಕೆ ತಿರುಗಿದ ದಿನ
ಅವ್ವ ಅನ್ನುತ್ತಿದ್ದಳು:
ಅಕ್ಕಿ ಅಳೆದು ಹಾಕು.

ಮೂವತ್ತೊಂದು ವರ್ಷ, ವಸ್ದುಕಿ ಎಂಬ ನಾನು
ಮೇಣ ಬರೆದ ಬಟ್ಟೆಯನ್ನು ತೊಟ್ಟಿಗದ್ದಿ ಎತ್ತಿದವನು.
ಉಗುರ ಸಂದಿಯ ನೀಲಿ ಇನ್ನೂ ಬಿಟ್ಟಿಲ್ಲ.
ನಾಳೆ ನನ್ನ ಹೆಣ ತೊಳೆಯುವವರು ಏನೆನ್ನುತ್ತಾರೋ
ಕೇಳುವ ಆಸೆ.

ಈಗ ಕಾಲೇಜಿನಲ್ಲಿ ಗಾಜು ತೊಳೆಯುತ್ತೇನೆ.
ಮುಫ್ಲಿಖಾ ಎಂಬ ಹುಡುಗಿ
ಬಂದರಿನಿಂದ ಸಿಗಡಿ ಚಿಪ್ಪು ತರಿಸುತ್ತಾಳೆ,
ಗೋಣಿಗಟ್ಟಲೆ, ನಾತ ಸಮೇತ.
ಕ್ಷಾರದಲ್ಲಿ ಕುದಿಸಿ, ಹುಳಿಯಲ್ಲಿ ಕರಗಿಸಿ,
ಗಂಜಿಯ ಹಾಗೆ ಎಳೆ ಬರುವ ಹೊತ್ತಿಗೆ
ಜೇಡಿಮಣ್ಣು ಕದಡುತ್ತಾಳೆ.

"ಇದು ಬರೀ ಮಣ್ಣಲ್ಲ, ಪಕ್ದೆ.
ಪದರದ ಮೇಲೆ ಪದರ, ನಮ್ಮ ಲಾಪಿಸ್ ಕಡುಬಿನ ಹಾಗೆ.
ನೀರು ಕುಡಿದರೆ ಉಬ್ಬಿ ಬಾಗಿಲು ತೆರೆಯುತ್ತದೆ.
ಕೆಲವು ಬಣ್ಣ ಮಣ್ಣಿಗೆ ಒಲಿಯುತ್ತವೆ, ಕೆಲವು ಚಿಪ್ಪಿಗೆ.
ಮಣ್ಣೊಂದೇ ಆದರೆ ಕದಡಿ ಹರಿದುಹೋಗುತ್ತದೆ,
ಚಿಪ್ಪಿನ ಅಂಟು ಅದನ್ನು ಹಿಡಿದು ನಿಲ್ಲಿಸುತ್ತದೆ."
ಮದುವೆಯಾದವನಿಗೆ
ಇಷ್ಟು ಹೇಳಿದರೆ ಸಾಕು.

ಹನಿ ಹನಿಯಾಗಿ ಇಳಿಸಿದಳು.
ಸಾಸಿವೆಗಿಂತ ದಪ್ಪ, ಮೆಣಸಿಗಿಂತ ಸಣ್ಣ
ಬೂದು ಗುಂಡುಗಳು.
ಹೊಳೆಯ ನೀರಿಗೆ ಹಾಕಿ ರಾತ್ರಿಯಿಡೀ ಅಲುಗಿಸಿದಳು,
ತೊಟ್ಟಿಲು ತೂಗುವ ಯಂತ್ರದ ಮೇಲೆ.

ಬೆಳಿಗ್ಗೆ ನೋಡಿದರೆ
ನೀರು ತಣ್ಣಗೆ, ತೆಳ್ಳಗೆ, ಏನೂ ಗೊತ್ತಿಲ್ಲದಂತೆ.
ಗುಂಡುಗಳು ನೇರಳೆಹಣ್ಣು.
ಬಣ್ಣ ಎಲ್ಲಿಗೂ ಹೋಗಿರಲಿಲ್ಲ,
ಮನೆ ಬದಲಾಯಿಸಿತ್ತು.

ಯಂತ್ರ ತೊಂಬತ್ತನಾಲ್ಕು ಎಂದಿತು. ಹುಡುಗಿ ಕುಣಿದಳು.
ನಾನೂ ನಕ್ಕೆ. ಆದರೆ ಆ ತಿಳಿನೀರ ಮುಂದೆ
ಕಿವಿಯಲ್ಲಿ ಅವ್ವ:
ಅಳೆದು ಹಾಕು.

ಐದು ಸಲ ತೊಳೆದು ಬಳಸಿದ ಮೇಲೆ
ಗುಂಡುಗಳು ಸಾಕೆಂದವು.
ಇವನ್ನು ಎಲ್ಲಿ ಹಾಕುತ್ತೀಯಮ್ಮ, ಅಂದೆ.
ಸುಡಬಹುದು, ಇಟ್ಟಿಗೆಗೆ ಬೆರೆಸಬಹುದು...
ಪೆನ್ನಿನ ತುದಿ ಕಚ್ಚಿಕೊಂಡು
"ಅದು ಮುಂದಿನ ಅಧ್ಯಾಯ, ಪಕ್ದೆ" ಅಂದಳು.
ಮುಂದಿನ ಅಧ್ಯಾಯ ಬರುವ ತನಕ
ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿ ಕಿಟಕಿಗಿಟ್ಟಿದ್ದೇನೆ.
ಬಿಸಿಲು ಬಿದ್ದರೆ ನನ್ನ ಉಗುರಿನ ನೀಲಿ,
ಅದೇ ನೀಲಿ.

ಸಂಜೆ ಎಂದಿನಂತೆ ಸಮುದ್ರ ಉಕ್ಕಿ
ರಸ್ತೆ ದಾಟಿ, ಮೆಟ್ಟಿಲು ದಾಟಿ ಒಳಬಂತು.
ಗಲ್ಲಿಗಲ್ಲಿಯ ತೊಟ್ಟಿಗಳನ್ನು ಬಳಿದುಕೊಂಡು
ಕಣಕಾಲ ಮಟ್ಟ ನಿಂತಿತು.
ಕೈಯಲ್ಲಿ ತೊಳೆದ ಗಾಜು ಹಿಡಿದು
ಕಲೆ ಉಳಿದಿದೆಯೇ ಎಂದು ದೀಪಕ್ಕೆತ್ತಿ ನೋಡಿದೆ.
ಇಲ್ಲ.
ಕಾಲ ಸುತ್ತ ಕೆಂಪು.
ಸೋಮವಾರ, ನೆನಪಾಯಿತು.
ಯಾರ ಮನೆಯಲ್ಲೋ ಇವತ್ತು
ಅಳೆಯದೆ ಅಕ್ಕಿ ಹಾಕುತ್ತಾರೆ.