ಎರಡು ಸ್ಟೇಷನ್ನುಗಳ ನಡುವೆ

ಹಾಸಿಗೆಯ ಸುತ್ತ ಅಲೆಗಳಿವೆಯಂತೆ, ಕಣ್ಣಿಗೆ ಕಾಣದವು,
ಅಕ್ಕಿಗೆ ಹುಳ ಬಿದ್ದ ಹಾಗೆ ನಿದ್ದೆಗೆ ಬೀಳುತ್ತವಂತೆ.
ಪಕ್ಕದ ಮನೆ ಸರ್ವಮಂಗಳಕ್ಕ ಹೇಳಿದ್ದು.
ಡಾಕ್ಟರು ಮಾತ್ರ, ಇರಬಹುದು, ಇಲ್ಲದಿರಲೂಬಹುದು,
ಮೊದಲು ಸಂಜೆಯ ಕಾಫಿ ಬಿಡಿ ಅಂದರು.
ಯುಗಾದಿಯಿಂದ ಬಿಟ್ಟಿದ್ದೇನೆ.

ಹಾಗಾಗಿ ಈ ರಾತ್ರಿ ಒಂದೂವರೆಗೆ
ಅಟ್ಟದಿಂದ ಅಪ್ಪನ ಟ್ರಾನ್ಸಿಸ್ಟರ್ ಇಳಿಸಿದೆ.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಮೂರು ಮೊಳದ ಅಂಗಡಿಯಲ್ಲಿ
ಹಾಸನದ ಅರ್ಧ ರೇಡಿಯೋಗಳ ಹೊಟ್ಟೆ ಬಗೆದು ಹೊಲಿದವನು ಅಪ್ಪ.
ಹೇಳಿಕೊಟ್ಟಿದ್ದ:
ಮುಳ್ಳನ್ನು ಎರಡು ಸ್ಟೇಷನ್ನುಗಳ ನಡುವೆ ನಿಲ್ಲಿಸು,
ಯಾರೂ ಮಾತಾಡದ ಜಾಗದಲ್ಲಿ.
ಆಮೇಲೆ ಕರೆಂಟು ತಾನೇ ಮಾತಾಡುತ್ತೆ.

ಮಾತಾಡಿತು.
ಚಾರ್ಜರಿನ ಬಳಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ.
ಬಲ್ಬಿನಡಿ ಜೀರುಂಡೆ.
ವೈಫೈ ಡಬ್ಬಿ ಅವಸರದ ಟೈಪಿಸ್ಟು.
ಆಫಾದ ಟಿವಿ ಕೂಡ ಕೆಂಪು ಕಣ್ಣು ಬಿಟ್ಟುಕೊಂಡು
ಗೊಣಗುತ್ತಲೇ ಇತ್ತು, ನಮ್ಮತ್ತೆಯ ಹಾಗೆ.
ಒಂದೊಂದೇ ಕಿತ್ತೆ. ಫ್ರಿಜ್ಜನ್ನೂ.
ದೋಸೆ ಹಿಟ್ಟು ಹುಳಿಯಾದರೆ ಆಗಲಿ.

ಉಳಿದದ್ದು ಇವರು.
ಹಗಲೆಲ್ಲ ಹನ್ನೊಂದು ಕೆವಿ ಲೈನಿನ ಜೊತೆ ಸಂಸಾರ;
ಅಲೆ ತಾಕುವುದಿದ್ದರೆ ಮೊದಲು ಇವರಿಗೇ ತಾಕಬೇಕು.
ಕೊರಡಿನ ಹಾಗೆ ಮಲಗಿದ್ದಾರೆ.
ರೇಡಿಯೋ ಎದೆಯ ಹತ್ತಿರ ಹಿಡಿದೆ. ಏನಿಲ್ಲ.
ದಿಂಬಿನ ಹತ್ತಿರ ಹಿಡಿದೆ, ಕರ್ರ್ ಅಂತು.
ಆಫೀಸಿನ ಫೋನು. ಅದನ್ನು ಆರಿಸುವಂತಿಲ್ಲ.

ಚೆಲುವರಾಜು ಶಾಂತಿಗ್ರಾಮದ ಕಂಬದ ಮೇಲೆ
ಎರಡೂ ಕೈ ಸುಟ್ಟುಕೊಂಡ ರಾತ್ರಿ ಬಡಿದುಕೊಂಡದ್ದೂ ಇದೇ ಫೋನು.
ಲೈನ್ ಆಫ್ ಆಗಿದೆ ಅಂದಿದ್ದರು ಯಾರೋ. ಆಗಿರಲಿಲ್ಲ.
ಅದು ಫೆಬ್ರವರಿ.
ನಿದ್ದೆ ಯಾವಾಗಿಂದ ಇಲ್ಲ ಅಂತ ಡಾಕ್ಟರು ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಎರಡೂ ಹತ್ತಕ್ಕೆ ಗುಡುಗು. ಊರೇ ಆರಿತು.
ಪೆನ್ಷನ್ ಮೊಹಲ್ಲದಲ್ಲಿ, ಯುಪಿಎಸ್ ಇರುವ ಎರಡು ಮನೆ ಬಿಟ್ಟರೆ,
ಒಂದು ಅಲೆಯೂ ಇಲ್ಲ.
ಯಾರೂ ಇಲ್ಲ ಅಂದುಕೊಂಡ ಜಾಗದಿಂದ
ರೇಡಿಯೋದಲ್ಲಿ ಒಬ್ಬ ಹೆಂಗಸು, ತಿಳಿಯದ ಭಾಷೆ,
ಮಿಂಚಿದಾಗ ಮಾತ್ರ ಚಟ್ ಅಂತ ಕಡಿದು, ಮತ್ತೆ ಶುರು.
ಇದೇ ಇರಬೇಕು ಸರ್ವಮಂಗಳಕ್ಕ ಹೇಳಿದ ಶಾಂತಿ,
ಮಲಗಿಬಿಡೋಣ ಅನ್ನುವಷ್ಟರಲ್ಲಿ
ದಿಂಬು ಅದುರಿತು.

ಗ್ಲೌಸ್ ಎಲ್ಲಿ ಅಂದರು.
ಇಸ್ತ್ರಿ ಬಟ್ಟೆಯ ಮೇಲೆ, ಅಂದೆ.
ತಿರುವಿನವರೆಗೆ ಬೈಕಿನ ಸದ್ದು.

ಕತ್ತಲಲ್ಲೇ ತಡವಿ
ಕಿತ್ತ ಪ್ಲಗ್ಗುಗಳನ್ನೆಲ್ಲ ಮತ್ತೆ ಸಿಕ್ಕಿಸಿದೆ.
ಸ್ವಿಚ್ಚೆಲ್ಲ ಹಾಕಿಟ್ಟು ಕೂತೆ.

ನಾಲ್ಕಕ್ಕೆ ಐದು ನಿಮಿಷ ಇತ್ತು.
ಮೊದಲು ಫ್ರಿಜ್ಜು ಕೆಮ್ಮಿತು.
ಆಮೇಲೆ ಸಾಸಿವೆ, ಜೀರುಂಡೆ, ಟೈಪಿಸ್ಟು, ಅತ್ತೆ,
ಎಲ್ಲರೂ ಒಟ್ಟಿಗೇ.
ಕರೆಂಟು ಬಂತು ಅಂದರೆ ಕಂಬದ ಮೇಲೆ ಯಾರೂ ಇಲ್ಲ.

ಆ ಗದ್ದಲದಲ್ಲಿ ಕಣ್ಣು ಯಾವಾಗ ಕೂಡಿತೋ.
ಇವರು ಬಂದು ಮೂರು ಸಲ ಬಾಗಿಲು ಬಡಿದರಂತೆ.
ಎದ್ದು ಬಂದವಳು ಸರ್ವಮಂಗಳಕ್ಕ.